ಶುಶ್ರೂಷೆಯ ದಣಿವು

ಸುಖದಲ್ಲಿ ಜೊತೆಗಿರುವುದು ದಾಂಪತ್ಯದ ಅರ್ಧಭಾಗ. ಉಳಿದರ್ಧದ ಪರೀಕ್ಷೆ ನಡೆಯುವುದು ರೋಗಶಯ್ಯೆಯ ಪಕ್ಕದಲ್ಲಿ. ಇದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಅವರ ಕಾಲದ ಕಠಿಣ ರೋಗಗಳಿಗೆ ಬಹುಮಟ್ಟಿಗೆ ಎರಡೇ ಕೊನೆಗಳಿದ್ದವು: ಒಂದೋ ಗುಣ, ಇಲ್ಲವೇ ಮರಣ. ಇಂದಿನ ವೈದ್ಯಶಾಸ್ತ್ರವು ಇವೆರಡರ ನಡುವೆ ಮೂರನೆಯದೊಂದು ಸ್ಥಿತಿಯನ್ನು ಉಂಟುಮಾಡಿದೆ. ಅದು ಮರಣವನ್ನು ದೂರಕ್ಕೆ ತಳ್ಳಿದೆ. ಆದರೆ ರೋಗವನ್ನು ಮನೆಯಿಂದ ಪೂರ್ಣವಾಗಿ ಹೊರಗೆ ಕಳುಹಿಸಿಲ್ಲ. ಮೂತ್ರಪಿಂಡವನ್ನೋ ಯಕೃತ್ತನ್ನೋ ಕಸಿ ಮಾಡಿಸಿಕೊಂಡವರ ಬಾಳು ಈ ಬಗೆಯದು. ಅವರು ದುಡಿಯುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ, ಊರ ಜಾತ್ರೆಗೂ ಹೋಗಿಬರುತ್ತಾರೆ. ಆದರೆ ದಿನವೂ ಗಡಿಯಾರ ನೋಡಿ ನುಂಗುವ ಮಾತ್ರೆಗಳ ಆಧಾರದಲ್ಲಿ ಬದುಕುತ್ತಾರೆ. ಅವರ ಪಕ್ಕದಲ್ಲಿ ಪತ್ನಿಯೋ ಪತಿಯೋ ಅದೇ ಗಡಿಯಾರವನ್ನು ನೋಡುತ್ತ ಕುಳಿತಿರುತ್ತಾರೆ. ಈ ಎರಡನೆಯವರನ್ನು ಕುರಿತು ನಾವು ಚಿಂತಿಸಿದ್ದು ಕಡಿಮೆ. ಚೇತರಿಸಿಕೊಂಡು ಮತ್ತೆ ಕುಸಿಯುವ, ಕುಸಿದು ಮತ್ತೆ ಚೇತರಿಸುವ ರೋಗಿಯನ್ನು ವರ್ಷಗಟ್ಟಲೆ ನೋಡಿಕೊಂಡ ಆ ಜೀವ ಒಂದು ದಿನ 'ಇನ್ನು ನನ್ನಿಂದಾಗದು' ಎಂದುಕೊಂಡರೆ ಅದು ಪಾಪವೇ? ಪ್ರೀತಿಯ ಕೊರತೆಯೇ? ಈ ಪ್ರಶ್ನೆಯನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕಸಿಯೆಂಬುದರ ಸ್ವರೂಪವನ್ನು ತಿಳಿದುಕೊಳ್ಳುವುದು ಅಗತ್ಯ. ಒಬ್ಬರ ಮೂತ್ರಪಿಂಡವನ್ನು ಇನ್ನೊಬ್ಬರ ದೇಹದಲ್ಲಿಟ್ಟು ಸಫಲವಾದ ಮೊದಲ ಪ್ರಸಂಗ ನಡೆದದ್ದು ೧೯೫೪ರ ಡಿಸೆಂಬರಿನಲ್ಲಿ, ಅಮೆರಿಕದ ಬಾಸ್ಟನ್ ನಗರದಲ್ಲಿ. ವೈದ್ಯ ಜೋಸೆಫ್ ಮರ್ರೆಯವರು ರೊನಾಲ್ಡ್ ಹೆರಿಕ್ ಎಂಬಾತನ ಮೂತ್ರಪಿಂಡವೊಂದನ್ನು ಅವನ ಅವಳಿ ಸಹೋದರ ರಿಚರ್ಡನಿಗೆ ಕಸಿ ಮಾಡಿದರು. ಮರ್ರೆಯವರಿಗೆ ೧೯೯೦ರಲ್ಲಿ ನೊಬೆಲ್ ಪುರಸ್ಕಾರ ಲಭಿಸಿತು. ನಮ್ಮ ದೇಶದಲ್ಲಿ ಜೀವಂತ ದಾನಿಯ ಮೂತ್ರಪಿಂಡದ ಕಸಿ ೧೯೭೧ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಸಫಲವಾಯಿತು. ಹೆರಿಕ್ ಸಹೋದರರು ಏಕರೂಪದ ಅವಳಿಗಳಾಗಿದ್ದುದರಿಂದ ಒಬ್ಬನ ಅಂಗವನ್ನು ಇನ್ನೊಬ್ಬನ ದೇಹ ಪರಕೀಯವೆಂದು ಬಗೆಯಲಿಲ್ಲ. ಉಳಿದವರ ವಿಷಯ ಹಾಗಲ್ಲ. ರೋಗಾಣುಗಳೊಡನೆ ಹೋರಾಡಲೆಂದು ನಮ್ಮೊಳಗೆ ಇರುವ ಶಕ್ತಿಯೇ ಹೊಸ ಅಂಗದ ಮೇಲೂ ಬೀಳುತ್ತದೆ. ಆದುದರಿಂದ ಆ ಶಕ್ತಿಯನ್ನು ಔಷಧಗಳಿಂದ ತಗ್ಗಿಸಿಡಬೇಕಾಗುತ್ತದೆ. ನಾರ್ವೆ ದೇಶದ ಮಣ್ಣಿನ ಶಿಲೀಂಧ್ರದಿಂದ ದೊರೆತ ಸೈಕ್ಲೋಸ್ಪೋರಿನ್ ೧೯೮೦ರ ದಶಕದಲ್ಲಿ ಬಳಕೆಗೆ ಬಂದಿತು. ೧೯೮೪ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಜೀವಿಯಿಂದ ಟ್ಯಾಕ್ರೊಲಿಮಸ್ ದೊರೆಯಿತು. ಲಕ್ಷಾಂತರ ಮನೆಗಳ ದೀಪ ಇಂದು ಉರಿಯುತ್ತಿರುವುದು ಇಂತಹ ಔಷಧಗಳಿಂದ.

ಆದರೆ ಈ ಔಷಧಗಳಿಗೆ ಒಂದು ಬೆಲೆಯಿದೆ. ಹೊಸ ಅಂಗವನ್ನು ಉಳಿಸಲು ದೇಹದ ಕಾವಲನ್ನು ಸಡಿಲಿಸಿದರೆ ರೋಗಾಣುಗಳಿಗೆ ಬಾಗಿಲು ತೆರೆದಂತಾಗುತ್ತದೆ. ಕಾವಲನ್ನು ಬಿಗಿಗೊಳಿಸಿದರೆ ದೇಹ ಅಂಗವನ್ನೇ ತಿರಸ್ಕರಿಸುತ್ತದೆ. ಈ ಎರಡರ ನಡುವಿನ ಹಾದಿ ಬಹಳ ಕಿರಿದು. ಶಸ್ತ್ರಚಿಕಿತ್ಸೆ ಮುಗಿದರೆ ಎಲ್ಲವೂ ಮುಗಿಯಿತೆಂದು ಜನ ಭಾವಿಸುತ್ತಾರೆ; ಕೆಟ್ಟ ಪಂಪನ್ನು ತೆಗೆದು ಹೊಸ ಪಂಪನ್ನು ಕೂರಿಸಿದಷ್ಟೇ ಸರಳವೆಂದು ತಿಳಿಯುತ್ತಾರೆ. ವಾಸ್ತವವಾಗಿ ಅಲ್ಲಿಂದಲೇ ಇನ್ನೊಂದು ಅಧ್ಯಾಯ ಆರಂಭವಾಗುತ್ತದೆ. ಯಾವ ನೋವೂ ಇಲ್ಲದೆ ರಕ್ತದಲ್ಲಿ ಕ್ರಿಯಾಟಿನಿನ್ ಏರಬಹುದು. ತಿರಸ್ಕಾರದ ಮೊದಲ ಸುಳಿವು ಅದೇ ಆಗಿರಬಹುದು. ಕ್ಷಯ ಮರುಕಳಿಸಬಹುದು. ಔಷಧದ ಕಾರಣದಿಂದಲೇ ಹಿಂದೆ ಇಲ್ಲದ ಸಕ್ಕರೆ ಕಾಯಿಲೆ ಬರಬಹುದು. ಸ್ಟಿರಾಯ್ಡ್ ಔಷಧವು ನಿದ್ರೆಯನ್ನು ಕೆಡಿಸಿ, ಶಾಂತಸ್ವಭಾವದವರನ್ನೂ ಸಿಡುಕರನ್ನಾಗಿ ಮಾಡಬಹುದು. ಆಗ ಮನೆಯವರು ಕೇಳುವ ಕಟುನುಡಿಯಲ್ಲಿ ರೋಗಿಯ ಪಾಲೆಷ್ಟು, ಮಾತ್ರೆಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವವರಾರು?

ಈಗ ಈ ಸಂಗತಿಯನ್ನು ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಒಂದು ಮನೆಯಲ್ಲಿಟ್ಟು ನೋಡೋಣ. ಕಸಿ ನಡೆದಿರುವುದು ಹೆಚ್ಚಾಗಿ ಮಣಿಪಾಲದಲ್ಲಿಯೋ ಮಂಗಳೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಆಗಿರುತ್ತದೆ. ತೀರ್ಥಹಳ್ಳಿಯವರು ಮಣಿಪಾಲಕ್ಕೆ ಆಗುಂಬೆಯ ಘಾಟಿಯನ್ನಿಳಿಯಬೇಕು. ಹೊಸನಗರದವರು ಕರಾವಳಿಗೆ ಹುಲಿಕಲ್ಲಿನ ಘಾಟಿಯನ್ನಿಳಿಯಬೇಕು. ಈ ಎರಡೂ ಸ್ಥಳಗಳು ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳ ಸಾಲಿಗೆ ಸೇರಿದವು. ಸಾಗರದವರಿಗೆ ಬೆಂಗಳೂರು ಸುಮಾರು ೩೫೦ ಕಿಲೋಮೀಟರು ದೂರ. ತಾಳಗುಪ್ಪದಿಂದ ಹೊರಡುವ ರಾತ್ರಿಯ ರೈಲು ಎಷ್ಟೋ ರೋಗಿಗಳಿಗೆ ಪರಿಚಿತ. ರಕ್ತದಲ್ಲಿ ಔಷಧದ ಪ್ರಮಾಣ ಎಷ್ಟಿದೆ ಎಂದು ನೋಡಲು, ಬಯಾಪ್ಸಿ ಮಾಡಿಸಲು, ಇದ್ದಕ್ಕಿದ್ದಂತೆ ಜ್ವರ ಬಂದಾಗ ದಾಖಲಾಗಲು ಹೀಗೆ ಹೋಗಿಬರಬೇಕು. ಹೋದವರು ಮೂರು ದಿನಕ್ಕೆ ಹಿಂದಿರುಗುವರೋ ಮೂರು ವಾರಕ್ಕೆ ಹಿಂದಿರುಗುವರೋ ತಿಳಿಯದು. ಅಷ್ಟರಲ್ಲಿ ಕೊಟ್ಟಿಗೆಯ ದನಗಳನ್ನು ಯಾರು ಕರೆಯಬೇಕು, ತೋಟವನ್ನು ಯಾರು ನೋಡಬೇಕು ಎಂಬುದು ಬೇರೆಯೇ ಚಿಂತೆ.

ಮನೆಗೆ ಮರಳಿದ ಮೇಲಾದರೂ ನೆಮ್ಮದಿಯೇ? ಮಲೆನಾಡಿನ ಪ್ರಕೃತಿ ಎಷ್ಟು ಸುಂದರವೋ ಕಾವಲು ಸಡಿಲಿದ ದೇಹಕ್ಕೆ ಅಷ್ಟೇ ಕಠಿಣ. ಗದ್ದೆಯ ಕೆಸರಿನಲ್ಲಿ ಇಲಿಜ್ವರದ ಭಯ. ಬೇಸಗೆಯಲ್ಲಿ ಕಾಡಿನ ದರಕಿನಲ್ಲಿ ಉಣುಗುಗಳ ಭಯ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ೨೦೧೯ರ ಬೇಸಗೆಯಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಸಾವುನೋವುಗಳನ್ನುಂಟುಮಾಡಿದ್ದನ್ನು ಯಾರೂ ಮರೆತಿಲ್ಲ. ಕುಡಿಯುವ ನೀರನ್ನು ಕುದಿಸಬೇಕು. ನೆಗಡಿಯಾದ ಮೊಮ್ಮಗುವನ್ನು ಅಜ್ಜನಿಂದ ದೂರವಿಡಬೇಕು. ಹಿತ್ತಿಲಿನ ಚಕ್ಕೋತದ ಹಣ್ಣು ಕೂಡ ನಿಷಿದ್ಧ. ಅದು ಔಷಧದ ಪ್ರಮಾಣವನ್ನು ರಕ್ತದಲ್ಲಿ ಏರುಪೇರು ಮಾಡಬಲ್ಲದು. ಮೈಕೈ ನೋವಿಗೆ ಅಂಗಡಿಯ ಮಾತ್ರೆ ನುಂಗುವಂತಿಲ್ಲ. ಅಂತಹ ಹಲವು ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿಕರ. ಹಿತೈಷಿಗಳು ತಂದುಕೊಡುವ ನಾಟಿ ಔಷಧವನ್ನು ನಯವಾಗಿ ನಿರಾಕರಿಸಬೇಕು. ಈ ಎಲ್ಲ 'ಬೇಡ'ಗಳನ್ನು ಹೇಳುವ ಕೆಲಸ ಬೀಳುವುದು ಒಬ್ಬರ ಮೇಲೆಯೇ. ಊರಿಗೆ ಅವರು ಸೊಕ್ಕಿನವರಾಗಿಯೂ ರೋಗಿಗೆ ಕಾವಲುಗಾರರಾಗಿಯೂ ಕಾಣಿಸುತ್ತಾರೆ.

ಇಷ್ಟೆಲ್ಲ ಎಚ್ಚರವಹಿಸಿದ ಮೇಲೂ ರೋಗ ಮರುಕಳಿಸುತ್ತದೆ. ಆಗ ಮನೆಯೊಳಗೆ ಒಂದು ಕ್ರೂರ ಪ್ರಶ್ನೆ ಪ್ರವೇಶಿಸುತ್ತದೆ: ತಪ್ಪು ಯಾರದು? ಯಾವ ಹೊತ್ತಿನ ಮಾತ್ರೆ ತಪ್ಪಿತು? ಮದುವೆಮನೆಗೆ ಹೋಗಬಾರದಿತ್ತೇ? ನೀರು ಸರಿಯಾಗಿ ಕುದಿದಿರಲಿಲ್ಲವೇ? ಬಂಧುಗಳು ಬಾಯಿಬಿಟ್ಟು ಕೇಳುತ್ತಾರೆ; ಆರೈಕೆ ಮಾಡುವವರು ತಮ್ಮನ್ನು ತಾವೇ ನಡುರಾತ್ರಿಯಲ್ಲಿ ಕೇಳಿಕೊಳ್ಳುತ್ತಾರೆ. ಮಾತ್ರೆಯನ್ನು ತಪ್ಪಿಸುವುದು ಅಪಾಯವೆಂಬುದು ನಿಜ. ಕಾರಣವನ್ನು ವೈದ್ಯರೊಡನೆ ವಿಚಾರಿಸುವುದೂ ಯೋಗ್ಯವೇ. ಆದರೆ ಯಾವ ಲೋಪವೂ ಇಲ್ಲದೆ ತಿರಸ್ಕಾರವಾಗುವುದುಂಟು, ಸೋಂಕು ತಗಲುವುದುಂಟು. ಎಲ್ಲ ದುಃಖಕ್ಕೂ ಒಬ್ಬ ಅಪರಾಧಿ ಇರಲೇಬೇಕೆಂಬುದು ಮನಸ್ಸಿನ ಹಟವೇ ಹೊರತು ಪ್ರಕೃತಿಯ ನಿಯಮವಲ್ಲ.

ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಹಿಡಿಯುವ ಮುನ್ನ ಮೈಲುತುತ್ತ ಸುಣ್ಣಗಳನ್ನು ಬೆರೆಸಿದ ಬೋರ್ಡೋ ದ್ರಾವಣವನ್ನು ಕೊನೆಕೊನೆಗೂ ಹೊಡೆಸುತ್ತಾರೆ. ನಲವತ್ತು ದಿನಗಳಾಗುತ್ತಲೇ ಮತ್ತೆ ಹೊಡೆಸುತ್ತಾರೆ. ಮಳೆ ಬಿಡದಿದ್ದರೆ ಮೂರನೆಯ ಸಲ. ಇಷ್ಟಾದರೂ ಕೆಲವು ವರ್ಷ ಕೊಳೆರೋಗ ಬಂದು ಮರದ ಬುಡದಲ್ಲೆಲ್ಲ ಕಾಯಿ ಉದುರುತ್ತದೆ. ಎರಡನೆಯ ಸಲ ಔಷಧಿ ಹೊಡೆಸಿದ್ದನ್ನು ಮೊದಲನೆಯದರ ಸೋಲೆಂದು ಯಾವ ಬೆಳೆಗಾರನೂ ಹೇಳುವುದಿಲ್ಲ. ಕೊಳೆ ಬಂದ ವರ್ಷ ಮರ ಹತ್ತಿದ ಕೆಲಸಗಾರನನ್ನು ಬೈಯುವುದೂ ಇಲ್ಲ. ಮಳೆಯ ಮೇಲೆ ತನಗೆ ಅಧಿಕಾರವಿಲ್ಲವೆಂಬುದು ಅವನಿಗೆ ಗೊತ್ತು. ತೋಟದ ಕರ್ತವ್ಯ ತನ್ನದೆಂಬುದೂ ಗೊತ್ತು. ತೋಟದಲ್ಲಿ ನಮಗಿರುವ ಈ ವಿವೇಕ ಮನೆಯ ರೋಗಿಯ ವಿಷಯದಲ್ಲಿ ಮಾತ್ರ ಏಕೆ ತಪ್ಪಿಹೋಗಬೇಕು?

ಬಾಸ್ಟನ್ನಿನ ರಿಚರ್ಡ್ ಹೆರಿಕನ ಮುಂದಿನ ಕಥೆ ಇಲ್ಲಿ ಸ್ಮರಣೀಯ. ಶಸ್ತ್ರಚಿಕಿತ್ಸೆಯ ನಂತರ ತನ್ನನ್ನು ನೋಡಿಕೊಂಡ ದಾದಿಯನ್ನೇ ಆತ ಮದುವೆಯಾದ. ಅವರಿಗೆ ಇಬ್ಬರು ಮಕ್ಕಳಾದರು. ಕಾಲಕ್ರಮದಲ್ಲಿ ಮೂಲರೋಗವೇ ಹೊಸ ಮೂತ್ರಪಿಂಡವನ್ನೂ ಹಿಡಿಯಿತು. ೧೯೬೩ರಲ್ಲಿ, ಕಸಿಯಾದ ಎಂಟು ವರ್ಷಗಳ ಮೇಲೆ, ಆತ ತೀರಿಕೊಂಡ. ಆ ಎಂಟು ವರ್ಷಗಳನ್ನು ಸೋಲೆನ್ನಬೇಕೇ? ಕೊನೆಯಲ್ಲಿ ಏನಾಯಿತೆಂಬುದರಿಂದಲೇ ಎಲ್ಲವನ್ನೂ ಅಳೆಯುವುದಾದರೆ ಲೋಕದ ಯಾವ ಬಾಳೂ ಗೆದ್ದದ್ದಲ್ಲ. ಚಿಕಿತ್ಸೆಗೆ ಫಲವೊಂದು ಗುರಿಯಾಗಿರುತ್ತದೆ. ಅದು ಸಿಕ್ಕಿತೋ ಇಲ್ಲವೋ ಎಂದು ವೈದ್ಯರು ಲೆಕ್ಕ ಹಾಕುವುದು ನ್ಯಾಯ. ಆರೈಕೆಯ ಮಾತು ಬೇರೆ. ಬಾಯಾರಿದವರಿಗೆ ನೀರು ಕೊಟ್ಟಾಗ ಆ ನೀರಿನ ಸಾರ್ಥಕ್ಯ ಆ ಗಳಿಗೆಯಲ್ಲೇ ಪೂರ್ಣವಾಯಿತು. ನಾಳೆ ಜ್ವರ ಬಂದರೆ ಇಂದಿನ ನೀರು ವ್ಯರ್ಥವಾಗದು.

ಇನ್ನು ದಣಿವಿನ ಮಾತಿಗೆ ಬರೋಣ. ನಮ್ಮ ಸಮಾಜ ಇಂತಹ ಗೃಹಿಣಿಯನ್ನು ಕಂಡರೆ 'ಸಾಕ್ಷಾತ್ ದೇವತೆ' ಎಂದು ಕೊಂಡಾಡುತ್ತದೆ. ಈ ಹೊಗಳಿಕೆಯಲ್ಲಿ ಗೌರವವಿದೆ, ನಿಜ. ಆದರೆ ಇದರಲ್ಲೊಂದು ಅಪಾಯವೂ ಇದೆ. ದೇವತೆಗೆ ಹಸಿವಿಲ್ಲ, ನಿದ್ದೆಯಿಲ್ಲ, ಬೇಸರವಿಲ್ಲ. ಯಾರನ್ನು ದೇವತೆಯೆಂದು ಕರೆದೆವೋ ಅವರು ಆಮೇಲೆ 'ನನಗೆ ಸುಸ್ತಾಗಿದೆ' ಎಂದು ಹೇಳುವಂತಿಲ್ಲ. ಕೈಮುಗಿದು ಹೊರಟುಹೋಗುವುದು ನಮಗೆ ಸುಲಭ. ಒಂದು ರಾತ್ರಿ ಆಸ್ಪತ್ರೆಯಲ್ಲಿ ಅವರ ಬದಲಿಗೆ ಮಲಗುವುದು ಕಷ್ಟ. ಹೊಗಳಿಕೆಯು ಎಷ್ಟೋ ಸಲ ನೆರವನ್ನು ತಪ್ಪಿಸಿಕೊಳ್ಳುವ ಅಗ್ಗದ ಉಪಾಯವಾಗುತ್ತದೆ.

ಈ ಮೂರು ತಾಲ್ಲೂಕುಗಳ ನೆಲ ಕೆಳದಿ ಅರಸರು ಆಳಿದ ನೆಲ. ಕೆಳದಿ, ಇಕ್ಕೇರಿ, ಬಿದನೂರು, ಕವಲೇದುರ್ಗ ಎಲ್ಲವೂ ಇಲ್ಲಿಯೇ ಇವೆ. ೧೬೮೯ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೇನೆಯನ್ನು ಎದುರಿಸಿದ ರಾಣಿ ಚೆನ್ನಮ್ಮಾಜಿಯ ಹೆಸರನ್ನು ಇಲ್ಲಿನ ಮಕ್ಕಳೂ ಬಲ್ಲರು. ಆದರೆ ಅವಳ ಪತಿ ಸೋಮಶೇಖರ ನಾಯಕನ ಕೊನೆಗಾಲದಲ್ಲಿ ಅವನ ಚಿತ್ತಸ್ವಾಸ್ಥ್ಯ ಕೆಟ್ಟಿತ್ತೆಂದೂ ಆತ ೧೬೭೧ರಲ್ಲಿ ಕೊಲೆಯಾದನೆಂದೂ ಇತಿಹಾಸಕಾರರು ಬರೆದಿರುವುದನ್ನು ನೆನೆಯುವವರು ಕಡಿಮೆ. ರಾಣಿಯಾಗುವ ಮುನ್ನ ಅವಳು ರೋಗಿಯೊಬ್ಬನ ಮಡದಿಯಾಗಿದ್ದಳು. ಯುದ್ಧದ ಒಂದು ದಿನಕ್ಕೆ ಇತಿಹಾಸದಲ್ಲಿ ಪುಟಗಳುಂಟು. ಕಾಯಿಲೆಯ ಮನೆಯಲ್ಲಿ ಕಳೆದ ವರ್ಷಗಳಿಗೆ ಒಂದು ಸಾಲೂ ಕಷ್ಟ. ಇಂದಿನ ಮನೆಗಳಲ್ಲಿಯೂ ಹಾಗೆಯೇ: ಮೂತ್ರಪಿಂಡ ಕೊಟ್ಟ ದಿನವನ್ನು ಎಲ್ಲರೂ ನೆನೆಯುತ್ತಾರೆ, ಅನಂತರದ ಮೂರು ಸಾವಿರ ದಿನಗಳನ್ನು ಯಾರೂ ಎಣಿಸುವುದಿಲ್ಲ.

ದಣಿವು ದೇಹದ ಧರ್ಮ. ದಿನವಿಡೀ ಹೊರೆ ಹೊತ್ತ ಎತ್ತು ಸಂಜೆ ಮಲಗಿದರೆ ಅದು ಒಡೆಯನಿಗೆ ಮಾಡಿದ ದ್ರೋಹವಲ್ಲ. 'ಇನ್ನು ನನ್ನಿಂದಾಗದು' ಎಂಬ ಮಾತಿನ ಅರ್ಥ 'ನೀನು ನನಗೆ ಬೇಡ' ಎಂದಲ್ಲ. 'ಈ ಭಾರ ಒಬ್ಬರಿಗೆ ಮೀರಿದ್ದು' ಎಂದು. ಪಾಪವೆನ್ನಬಹುದಾದದ್ದು ದಣಿವಲ್ಲ, ದಣಿದವರು ಕೂಗಿದಾಗ ಓಗೊಡದಿರುವುದು. ದಣಿವನ್ನು ಮುಚ್ಚಿಟ್ಟರೆ ಅದು ಸಿಡುಕಾಗಿ, ಮೌನವಾಗಿ, ಕೆಲವೊಮ್ಮೆ ತನ್ನದೇ ಕಾಯಿಲೆಯಾಗಿ ಹೊರಬೀಳುತ್ತದೆ. ತನ್ನ ರಕ್ತದೊತ್ತಡದ ಮಾತ್ರೆಯನ್ನು ಮರೆತು ಗಂಡನ ಮಾತ್ರೆಗಳನ್ನು ಮಾತ್ರ ನೆನಪಿಟ್ಟ ಹೆಂಡತಿ ತ್ಯಾಗ ಮಾಡಿದಂತೆ ತೋರಬಹುದು; ಆಕೆ ಬಿದ್ದ ದಿನ ಇಬ್ಬರೂ ಬಿದ್ದಂತೆಯೇ ಸರಿ. ಅವಳೇ ಮೂತ್ರಪಿಂಡದ ದಾನಿಯಾಗಿದ್ದರೆ ಈ ಎಚ್ಚರ ಇಮ್ಮಡಿಯಾಗಬೇಕು. ಏಕೆಂದರೆ ಅವಳಿಗೆ ಉಳಿದಿರುವುದು ಒಂದೇ.

'ಹೆಂಡತಿ' ಎಂದೇ ಬರೆಯುತ್ತಿರುವುದಕ್ಕೆ ಕಾರಣವುಂಟು. ೧೯೯೫ರಿಂದ ೨೦೨೧ರವರೆಗೆ ದೇಶದಲ್ಲಿ ನಡೆದ ಅಂಗ ಕಸಿಗಳ ಸರಕಾರಿ ಲೆಕ್ಕ ೨೦೨೩ರಲ್ಲಿ ಪತ್ರಿಕೆಗಳಲ್ಲಿ ಬಂದಿತು. ಅಂಗ ಪಡೆದ ಐವರಲ್ಲಿ ಸುಮಾರು ನಾಲ್ವರು ಪುರುಷರು. ಜೀವಂತ ದಾನಿಗಳಲ್ಲಿ ಬಹುಪಾಲು ಸ್ತ್ರೀಯರು. ಸ್ತ್ರೀಯರ ಮೂತ್ರಪಿಂಡಗಳು ಕೆಡುವುದಿಲ್ಲವೆಂದು ಇದರ ಅರ್ಥವೇ? ಅಲ್ಲ. ಗಂಡ ಮಲಗಿದರೆ ತೋಟ ಮಾರಿಯಾದರೂ ಚಿಕಿತ್ಸೆ, ಹೆಂಡತಿ ಮಲಗಿದರೆ 'ನೋಡೋಣ' ಎಂಬ ಮಾತು—ಇಂತಹ ಮನೆಗಳು ಇನ್ನೂ ಇವೆಯೆಂಬುದನ್ನು ಈ ಲೆಕ್ಕ ಸೂಚಿಸುತ್ತದೆ. ಕಾಯಿದೆ ಈ ಭೇದವನ್ನು ಮಾಡಿಲ್ಲ. ೧೯೯೪ರ ಮಾನವ ಅಂಗಗಳ ಕಸಿ ಕಾಯಿದೆಯು ತಂದೆತಾಯಿ, ಮಕ್ಕಳು, ಒಡಹುಟ್ಟಿದವರ ಜೊತೆಗೆ ಪತಿಪತ್ನಿಯರನ್ನೂ ಹತ್ತಿರದ ಸಂಬಂಧಿಗಳೆಂದೇ ಎಣಿಸಿದೆ. ರಕ್ತದ ನಂಟಿಲ್ಲದ ಇಬ್ಬರನ್ನು ರಕ್ತಸಂಬಂಧಿಗಳ ಸಾಲಿನಲ್ಲಿಯೇ ಕೂರಿಸಿದ ಈ ಮಾತು ಮನನೀಯ. ಒಬ್ಬರ ಅಂಗ ಇನ್ನೊಬ್ಬರಿಗೆ ಹೊಂದದಿದ್ದರೆ, ಅಂತಹುದೇ ಕಷ್ಟದಲ್ಲಿರುವ ಮತ್ತೊಂದು ಕುಟುಂಬದೊಡನೆ ದಾನಿಗಳನ್ನು ಬದಲಿಸಿಕೊಳ್ಳಲು ೨೦೧೧ರ ತಿದ್ದುಪಡಿ ಅವಕಾಶವಿತ್ತಿದೆ. ಹೀಗಿರುವಾಗ ಕೊಡುವುದು ಸದಾ ಅವಳ ಪಾಲು, ಪಡೆಯುವುದು ಸದಾ ಅವನ ಪಾಲು ಎಂಬುದಕ್ಕೆ ಧರ್ಮದ ಆಧಾರವೂ ಇಲ್ಲ, ಕಾನೂನಿನ ಆಧಾರವೂ ಇಲ್ಲ. ಗಂಜಿ ಕಾಯಿಸಲು, ಮಾತ್ರೆಯ ಹೊತ್ತು ನೆನಪಿಡಲು ಗಂಡಸಿನ ಕೈಗೂ ಬರುತ್ತದೆ.

ಕೊಟ್ಟವರಿಗೂ ಪಡೆದವರಿಗೂ ಒಂದೊಂದು ಸಂಯಮ ಬೇಕು. ಕೊಟ್ಟವರು ಲೆಕ್ಕವಿಡಬಾರದು. 'ನನ್ನ ಅಂಗ ನಿನ್ನೊಳಗಿದೆ' ಎಂಬ ಮಾತು ಜಗಳದ ನಡುವೆ ಒಮ್ಮೆ ಹೊರಬಿದ್ದರೂ ದಾನವು ಸಾಲವಾಗಿ ಮಾರ್ಪಡುತ್ತದೆ. ತೀರಿಸಲಾಗದ ಸಾಲವನ್ನು ಹೊತ್ತವನು ಸಾಲಕೊಟ್ಟವರನ್ನು ಪ್ರೀತಿಸುವುದು ಕಷ್ಟ. ಪಡೆದವರು ತಮ್ಮ ದೇಹವನ್ನು ಅಲಕ್ಷಿಸಬಾರದು. ಬೇಸರದಿಂದ ಮಾತ್ರೆಯನ್ನು ಬಿಡುವುದು, ಜ್ವರವನ್ನು ಮುಚ್ಚಿಡುವುದು ತನ್ನೊಬ್ಬನ ವಿಷಯವಲ್ಲ; ಅದು ಇನ್ನೊಬ್ಬರ ಕೊಡುಗೆಯನ್ನು, ಇನ್ನೊಬ್ಬರ ನಿದ್ದೆಗೆಟ್ಟ ರಾತ್ರಿಗಳನ್ನು ಕಾಲಿನಿಂದ ತಳ್ಳಿದಂತೆ. ಆದರೆ ರೋಗಿಯೂ ಒಬ್ಬ ಮನುಷ್ಯ. ಅವನಿಗೂ ಮನೆಯ ಮಾತುಕತೆಯಲ್ಲಿ, ತೋಟದ ನಿರ್ಧಾರದಲ್ಲಿ, ತನ್ನದೇ ಚಿಕಿತ್ಸೆಯಲ್ಲಿ ಮಾತಿರಬೇಕು. ಎಲ್ಲವನ್ನೂ ತಾನೇ ಮಾಡುತ್ತೇನೆಂಬ ಆರೈಕೆಯು ಅವನ ಕೈಗಳನ್ನು ಕಟ್ಟಿಹಾಕುತ್ತದೆ. ಆತ ಅಡಿಕೆ ಆರಿಸಬಲ್ಲನಾದರೆ ಆರಿಸಲಿ. ಲೆಕ್ಕ ಬರೆಯಬಲ್ಲನಾದರೆ ಬರೆಯಲಿ. ಕಾಯಕದಿಂದ ದೂರವಿಟ್ಟ ದೇಹ ಬದುಕಿದ್ದರೂ ಮನಸ್ಸು ಬಾಡುತ್ತದೆ.

ಇಲ್ಲಿ ಶರಣದಂಪತಿಗಳಾದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಪ್ರಸಂಗ ನೆನಪಿಗೆ ಬರುತ್ತದೆ. ಅಕ್ಕಿಯನ್ನಾಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ; ಅಂದಿಗೆ ಬೇಕಾದುದಕ್ಕಿಂತ ಹೆಚ್ಚಿನದು ನಮಗೇಕೆ, ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದಳು. ಇದರಿಂದ ಅತಿಯಾಸೆ ಸಲ್ಲದೆಂಬ ನೀತಿಯನ್ನು ಎಲ್ಲರೂ ತೆಗೆಯುತ್ತಾರೆ. ರೋಗದ ಮನೆಗೆ ಇದರಲ್ಲಿ ಇನ್ನೆರಡು ಮಾತುಗಳಿವೆ. ಒಂದು, ಅಂದಿನ ಕಾಯಕ ಅಂದಿಗೆ. ಮುಂದಿನ ಹತ್ತು ವರ್ಷಗಳ ಜ್ವರಗಳನ್ನೆಲ್ಲ ಇಂದೇ ಹೊತ್ತು ನಿಂತರೆ ಯಾರ ಬೆನ್ನೂ ತಡೆಯದು. ಇಂದಿನ ಮಾತ್ರೆ, ಇಂದಿನ ನೀರು, ಇಂದಿನ ಒಂದು ಒಳ್ಳೆಯ ಮಾತು ಮುಗಿದರೆ ಇಂದಿನ ಕಾಯಕ ಮುಗಿಯಿತೆಂದು ತಿಳಿದು ಮಲಗುವ ಹಕ್ಕು ಆರೈಕೆ ಮಾಡುವವರಿಗಿದೆ. ಇನ್ನೊಂದು, ಸತಿಪತಿಗಳು ಒಬ್ಬರಿಗೊಬ್ಬರು ಸತ್ಯವನ್ನು ಹೇಳಬಲ್ಲವರಾಗಿರಬೇಕು. ಲಕ್ಕಮ್ಮ ಸಂಕೋಚವಿಲ್ಲದೆ ಹೇಳಿದಳು, ಮಾರಯ್ಯ ಅಭಿಮಾನಭಂಗವೆಂದು ತಿಳಿಯದೆ ಕೇಳಿದನು. 'ನನಗೆ ಭಯವಾಗಿದೆ' ಎಂದು ರೋಗಿಯೂ 'ನನಗೆ ದಣಿವಾಗಿದೆ' ಎಂದು ಶುಶ್ರೂಷಕರೂ ಹೇಳಿಕೊಳ್ಳುವ ಮನೆಯಲ್ಲಿ ಅರ್ಧ ಭಾರ ಇಳಿಯುತ್ತದೆ.

ಉಳಿದರ್ಧವನ್ನು ಇಳಿಸಬೇಕಾದವರು ನಾವು, ಅಂದರೆ ಬಂಧುಗಳು, ನೆರೆಹೊರೆಯವರು, ಊರಿನವರು. ಇದಕ್ಕೆ ದೊಡ್ಡ ಧನವೇ ಬೇಕೆಂದಿಲ್ಲ. ನೆಗಡಿ ಕೆಮ್ಮು ಇದ್ದಾಗ ನೋಡಲು ಹೋಗದಿರುವುದೇ ಒಂದು ಸೇವೆ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಜೊತೆಯಾಗಿ ಹೋಗುವ ಸರದಿಯನ್ನು ಮೈದುನನೋ ತಂಗಿಯೋ ವಹಿಸಿಕೊಳ್ಳಬಹುದು. ಅವರು ಊರಿನಲ್ಲಿಲ್ಲದ ವಾರ ಪಕ್ಕದ ಮನೆಯವರು ದನ ಕರೆದುಕೊಡಬಹುದು. ಕೊನೆಕೊಯ್ಲಿನ ಕಾಲದಲ್ಲಿ ನಾಲ್ಕು ಜನ ಸೇರಿ ಅಡಿಕೆ ಸುಲಿದುಕೊಡಬಹುದು. ಈ ಮುಯ್ಯಾಳು ಪದ್ಧತಿ ಮಲೆನಾಡಿಗೆ ಹೊಸದಲ್ಲ. ಗದ್ದೆಗೆ ಸಲ್ಲುವ ಪದ್ಧತಿ ರೋಗಿಯ ಮನೆಗೂ ಸಲ್ಲಬೇಕು. ಮರುಕಳಿಸಿದ ಸುದ್ದಿ ಕೇಳಿದಾಗ 'ಹೇಗಾಯಿತು, ಎಲ್ಲಿ ತಪ್ಪಿತು' ಎಂದು ವಿಚಾರಣೆ ನಡೆಸುವ ಬದಲು ಅಡುಗೆ ಮಾಡಿ ಒಂದು ಬುತ್ತಿಯನ್ನು ಒಯ್ಯುವುದು ಮೇಲು. ರೋಗಿಯನ್ನು ಮಾತನಾಡಿಸಿ ಹೊರಡುವಾಗ ಒಳಗೆ ಹೋಗಿ, 'ಅಕ್ಕಾ, ನೀವು ಊಟ ಮಾಡಿದಿರಾ? ನಿನ್ನೆ ನಿದ್ದೆ ಬಂತಾ?' ಎಂದು ಕೇಳಬೇಕು; ಕೇಳಿದ ಮೇಲೆ ಉತ್ತರವನ್ನು ಆಲಿಸುವಷ್ಟು ಹೊತ್ತು ಕುಳಿತಿರಬೇಕು.

ಒಬ್ಬರ ಅಂಗ ಮತ್ತೊಬ್ಬರಲ್ಲಿ ಬೇರೂರಿ ಬದುಕಬಹುದೆಂದು ವೈದ್ಯಶಾಸ್ತ್ರ ಎಪ್ಪತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿತು. ಒಬ್ಬರ ದಣಿವನ್ನು ಮತ್ತೊಬ್ಬರು ಹಂಚಿಕೊಳ್ಳಬಹುದೆಂಬುದನ್ನು ತೋರಿಸಿಕೊಡುವುದು ಸಮಾಜದ ಪಾಲಿಗೆ ಉಳಿದಿದೆ. ಅದಕ್ಕೆ ಯಾವ ಶಸ್ತ್ರಚಿಕಿತ್ಸೆಯೂ ಬೇಡ, ಯಾವ ಘಾಟಿಯನ್ನೂ ಇಳಿಯಬೇಕಾಗಿಲ್ಲ. ಪಕ್ಕದ ಮನೆಯ ಜಗಲಿಯನ್ನು ಹತ್ತಿದರೆ ಸಾಕು.